ನಮ್ಮ ಹುಡುಗರು ಮಾಡತಕ್ಕ ಮೊದಲನೆಯ ವೆಬ್ ಪುಟ
(ಮರಳೂರಿನ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಕಂಪ್ಯೂಟರು ಕಲಿಯುತ್ತಿದ್ದಾರೆ. ಕಲಿತದ್ದರಿಂದ ಮನೆಗೆ, ಊರಿಗೆ ಏನು ಪ್ರಯೋಜನವೆಂದು ಹಿರಿಯರು ಕೇಳುವುದು ನ್ಯಾಯವೇ ಆಗಿದೆ. ಈ ಹೊತ್ತು ಒಂದೇ ಕೆಲಸವನ್ನು ಕುರಿತು ಹೇಳುತ್ತೇನೆ. ಕೊಬ್ಬರಿಯ ಧಾರಣೆ ತೋರಿಸುವ ಒಂದು ವೆಬ್ ಪುಟವನ್ನು ನಮ್ಮ ಹುಡುಗರೇ ಮಾಡಬೇಕು. ಚಂದದ ಹೂವಿನ ಚಿತ್ರ ಹಾಕಿದ ಪುಟ ಮಾಡಿ ಕಲಿತವರು ಬಹಳ ಮಂದಿ ಇದ್ದಾರೆ. ಅದರಲ್ಲಿ ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ತಪ್ಪು ಕಣ್ಣಿಗೂ ಬೀಳುವುದಿಲ್ಲ.

ಧಾರಣೆಯ ಪುಟ ಹಾಗಲ್ಲ. ಇಲ್ಲಿಂದ ಗುಬ್ಬಿಯ ಮೇಲೆ ತಿಪಟೂರಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಹೋದ ವಾರದ ಬೆಲೆಯನ್ನು ಇಂದಿನದೆಂದು ನಂಬಿ ರೈತನೊಬ್ಬ ಬಾಡಿಗೆ ಗಾಡಿಯಲ್ಲಿ ಮಾಲು ಹೊತ್ತು ಹೋದರೆ ಬಾಡಿಗೆಯೂ ಅವನದೇ, ನಷ್ಟವೂ ಅವನದೇ. ಆದುದರಿಂದ ಮೊದಲ ಸಾಲಿನಲ್ಲೇ ತಾರೀಖು ಇರತಕ್ಕದ್ದು. ಯಾವ ಮಾರುಕಟ್ಟೆ, ಯಾವ ಮಾಲು, ಬೆಲೆ ಕ್ವಿಂಟಾಲಿಗೋ ಕಿಲೋಗೋ ಎಂಬುದನ್ನು ಬಿಡಿಸಿ ಬರೆಯಬೇಕು. ಗರಿಷ್ಠ ಬೆಲೆಯೊಂದನ್ನೇ ದಪ್ಪಕ್ಷರದಲ್ಲಿ ಹಾಕುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಆ ಬೆಲೆ ಎಷ್ಟು ಜನರಿಗೆ ಸಿಕ್ಕೀತು? ಕನಿಷ್ಠ, ಗರಿಷ್ಠ, ಹೆಚ್ಚಿನ ಮಾಲು ಮಾರಾಟವಾದ ಬೆಲೆ, ಮೂರನ್ನೂ ಕೊಡಿ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣವನ್ನು ನೋಡಿ ಬರೆದದ್ದಾದರೆ ಹಾಗೆಂದು ಕೆಳಗೆ ತಿಳಿಸಿ.

ಇನ್ನು ಮಾಡುವ ಬಗೆ. ವೆಬ್ ಪುಟವೆಂದರೆ ಗುರುತು ಹಾಕಿದ ಬರಹ, ಅಷ್ಟೆ. ಇದು ತಲೆಬರಹ, ಇದು ಪ್ಯಾರಾ, ಇದು ಕೋಷ್ಟಕ ಎಂದು ಬ್ರೌಸರಿಗೆ ತಿಳಿಸುವ ಗುರುತುಗಳ ಕ್ರಮಕ್ಕೆ ಎಚ್‌ಟಿಎಂಎಲ್ ಎಂದು ಹೆಸರು. ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡೇ ಸಾಕು. ಯಾವ ದುಬಾರಿ ಸಾಮಾನೂ ಬೇಡ. ಗುರುತುಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ತೆರೆಯುವುದೊಂದು, ಮುಚ್ಚುವುದೊಂದು. ಕೆರೆಯ ತೂಬು ಎತ್ತಿದವನು ಇಳಿಸದೆ ಮನೆಗೆ ಹೋದರೆ ಕೆಳಗಿನ ಗದ್ದೆಗಳ ಗತಿ ಏನಾಗುತ್ತದೆಂದು ನಿಮಗೆ ಗೊತ್ತು. ದಪ್ಪಕ್ಷರದ ಗುರುತನ್ನು ಮುಚ್ಚಲು ಮರೆತರೆ ಅಲ್ಲಿಂದ ಕೆಳಕ್ಕೆ ಪುಟವೆಲ್ಲ ದಪ್ಪಕ್ಷರವೇ.

ಕನ್ನಡದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಡಾ. ಯು. ಬಿ. ಪವನಜ ಅವರು 1996ರಲ್ಲಿ ವಿಶ್ವಕನ್ನಡ ಜಾಲತಾಣವನ್ನು ಆರಂಭಿಸಿದ ಕಾಲದಲ್ಲಿ ಅಂತರಜಾಲದಲ್ಲಿ ಕನ್ನಡ ತೋರಿಸುವುದೇ ಸಾಹಸವಾಗಿತ್ತು. ಹಳೆಯ ಪದ್ಧತಿಯಲ್ಲಿ ಬರೆದವರ ಫಾಂಟು ಓದುವವರ ಯಂತ್ರದಲ್ಲಿ ಇಲ್ಲದಿದ್ದರೆ ಅಕ್ಷರವೆಲ್ಲ ಕಲಸುಮೇಲೋಗರ. ಈಗ ಯೂನಿಕೋಡ್ ಇದೆ. ಕನ್ನಡದ ಪ್ರತಿಯೊಂದು ವರ್ಣಕ್ಕೂ, ಚಿಹ್ನೆಗೂ ಅದರಲ್ಲಿ ಗೊತ್ತಾದ ಸಂಖ್ಯೆಯುಂಟು. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಹಾಗೆಯೇ ಪುಟಕ್ಕೆ ಅಂಟಿಸಬೇಡಿ. ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಕಡತವನ್ನು ಯುಟಿಎಫ್-8 ಎಂದು ಉಳಿಸಿ, ಅದನ್ನು ಪುಟದ ಮೇಲ್ಭಾಗದಲ್ಲೂ ನಮೂದಿಸಿ.

ಧಾರಣೆಯ ಪಟ್ಟಿಯನ್ನು ಫೋಟೋ ತೆಗೆದು ಹಾಕುವುದು ಸುಲಭವೆಂದು ಕೆಲವರ ವಾದ. ಲೆಕ್ಕ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ಎರಡು ಸಾವಿರ ಸಂಕೇತಗಳ ಬರಹ ಆರು ಸಾವಿರ ಬೈಟು. ಫೋನಿನಲ್ಲಿ ತೆಗೆದ ಒಂದು ಚಿತ್ರ ಮೂವತ್ತು ಲಕ್ಷ ಬೈಟು ಇದ್ದರೆ, ಅಂಥ ಐನೂರು ಬರಹಗಳ ಭಾರ ಅದೊಂದಕ್ಕೇ ಆಯಿತು. ಸಿಗ್ನಲ್ ಸರಿಯಾಗಿ ಸಿಗದ ತೋಟದಲ್ಲಿ ನಿಂತವನಿಗೆ ಅದು ತೆರೆಯುವಷ್ಟರಲ್ಲಿ ಹೊತ್ತು ಮುಳುಗೀತು. ಅಲ್ಲದೆ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವು ಬರಹವನ್ನು ಓದುವಷ್ಟು ಸರಾಗವಾಗಿ ಚಿತ್ರದೊಳಗಿನ ಅಂಕಿಯನ್ನು ಓದಲಾರದು. ವ್ಯೂಪೋರ್ಟ್ ಎಂಬ ಒಂದು ಸಾಲನ್ನೂ ಸೇರಿಸಿ. ಅದಿಲ್ಲದಿದ್ದರೆ ಫೋನಿನಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟಾಗುತ್ತವೆ.

ಯಾರ ಹತ್ತಿರ ಕಲಿಯಬೇಕು? ಬೇರೆಯವರ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಮೂಲ ಬರಹ ತೋರಿಸು ಎಂದು ಬ್ರೌಸರಿಗೆ ಹೇಳಿದರೆ ತೋರಿಸುತ್ತದೆ. ಈ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಕೆಲಸ ಮಾಡುತ್ತಿದ್ದ ಸರ್ನ್ ಸಂಸ್ಥೆ, ಅದರ ತಂತ್ರಾಂಶವನ್ನು 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಕಲಿತವರು ಕಲಿಯುವವರಿಗೆ ಬಚ್ಚಿಡದೆ ತೋರಿಸುವುದು ಅಲ್ಲಿಂದ ಬಂದ ರೂಢಿ. ಈಗ ಪ್ರಶ್ನೆ ಕೇಳಿದರೆ ಯಂತ್ರವೇ ಪುಟ ಬರೆದುಕೊಡುವ ಕಾಲವೂ ಬಂದಿದೆ. ಬರೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಸಾಲಿನ ಅರ್ಥ ಗೊತ್ತಿರದಿದ್ದರೆ ನಾಳೆ ಕೆಟ್ಟಾಗ ರಿಪೇರಿ ಮಾಡುವವರು ಯಾರು? ನೆರೆಹೊರೆಯವರ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಇವನ್ನಂತೂ ಪುಟದ ಹತ್ತಿರ ಸುಳಿಯಗೊಡಬೇಡಿ.

ಪುಟ ಸಿದ್ಧವಾದ ಮೇಲೆ ಮನೆಯ ಅಜ್ಜಿಯ ಕೈಗೆ ಫೋನು ಕೊಟ್ಟು, ‘ಇಂದಿನ ಕೊಬ್ಬರಿ ಬೆಲೆ ಎಷ್ಟಜ್ಜಿ?’ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಹೇಳಿಕೊಡಬೇಡಿ. ಆಕೆಯ ಬೆರಳು ಎಲ್ಲಿ ತಡವರಿಸುತ್ತದೋ ಆ ಜಾಗವನ್ನು ರಾತ್ರಿ ತಿದ್ದಿ. ಮಾರುಕಟ್ಟೆ ನಡೆದ ದಿನ ಸಂಜೆ ಅಂಕಿ ಬದಲಾಯಿಸುವವರು ಯಾರೆಂದು ಇಬ್ಬರ ಹೆಸರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪರೀಕ್ಷೆಯ ದಿನಗಳಲ್ಲಿ ಇಬ್ಬರಿಗೂ ಬಿಡುವಿಲ್ಲವಾದರೆ ಹಳೆಯ ಬೆಲೆಯನ್ನು ತೆಗೆದುಹಾಕಿ, ‘ಈ ವಾರ ಧಾರಣೆ ಇಲ್ಲ’ ಎಂದು ಬರೆದಿಡಿ.