ಇಂಕಿನ ಕಲೆಗೆ ಹೆದರಬೇಡಿ



ಇವತ್ತು ಅಕ್ಷರದ ಪಾಠ ಬೇಡ. ಅಕ್ಷರ ಬರೆಯುವ ಇಂಕಿನ ಬಗ್ಗೆ ಮಾತಾಡೋಣ. ನೀವು ಬರೆಯಲು ಕಲಿತ ಮೇಲೆ ಮನೆಯಲ್ಲಿ ಪೆನ್ನು ಜಾಸ್ತಿಯಾಗಿವೆ. ನಿಮ್ಮದೊಂದು, ಮಗಳದೊಂದು, ಮೊಮ್ಮಗನದೊಂದು. ಪೆನ್ನಿನ ಜೊತೆ ಕಲೆಯೂ ಬಂತು. ಫ್ರಿಜ್ ಬಾಗಿಲ ಮೇಲೆ ಗೀಟು. ಮಿಕ್ಸಿಯ ಮೇಲೆ ಚುಕ್ಕೆ. ಅಡುಗೆ ಕಟ್ಟೆಯ ಮೇಲೆ ನೀಲಿ ಮಚ್ಚೆ.

ಮನೆಯಲ್ಲಿ ಏನಂತಾರೆ? “ಈ ವಯಸ್ಸಿನಲ್ಲಿ ಇವಳಿಗೆ ಪೆನ್ನು ಯಾಕೆ ಬೇಕಿತ್ತು?” ಅಂತಾರೆ. ಮಗು ಗೀಚಿದರೂ ಬೈಗುಳ ನಿಮಗೇ!

ನಮ್ಮ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಮನೆಗೆಲಸಕ್ಕೆ ಹೋಗುತ್ತಾರೆ. ಒಂದು ದಿನ ಅವರ ಚೀಲದಲ್ಲಿದ್ದ ಬಾಲ್ ಪೆನ್ನು ಸೋರಿತು. ಚೀಲವನ್ನು ಕೆಲಸದ ಮನೆಯ ವಾಷಿಂಗ್ ಮೆಷಿನ್ ಮೇಲೆ ಇಟ್ಟಿದ್ದರು. ಬಿಳಿ ಬಣ್ಣದ ಮೆಷಿನ್ ಮೇಲೆ ಅಂಗೈ ಅಗಲದ ಕಲೆಯಾಯಿತು. ಗಾಬರಿಯಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದು ಉಜ್ಜಿದರು. ಕಲೆ ಹೋಗಲಿಲ್ಲ, ಗೀರು ಬಿತ್ತು. “ಸಂಬಳದಲ್ಲಿ ಹಿಡೀತೀವಿ” ಅಂದರಂತೆ ಮನೆಯವರು. ಈ ಅಕ್ಕ ಎರಡು ವಾರ ಕೇಂದ್ರದ ಕಡೆ ತಲೆ ಹಾಕಲಿಲ್ಲ. ಪೆನ್ನು ಮುಟ್ಟಲಿಕ್ಕೇ ಭಯ. ಆಮೇಲೆ ಆ ಕಲೆ ಹೋಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಗೀರು ಮಾತ್ರ ಈಗಲೂ ಇದೆ. ಕಲೆ ಹೇಗೆ ಹೋಯಿತು, ಅದನ್ನು ಹೇಳ್ತೀನಿ ಕೇಳಿ.

ಕಲೆ ಹೋಗುವುದು ತೋಳಿನ ಬಲದಿಂದ ಅಲ್ಲ. ಇಂಕು ಯಾವುದರಲ್ಲಿ ಕರಗುತ್ತದೆ ಅಂತ ತಿಳಿಯಬೇಕು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಂಕೂ ಹಾಗೆಯೇ. ಬಾಟಲಿಯಿಂದ ತುಂಬುವ ಇಂಕು ಪೆನ್ನು ಇದೆಯಲ್ಲ, ಅದರ ಇಂಕು ನೀರಿನದು. ಹಸಿಯಾಗಿದ್ದರೆ ಸೋಪು ನೀರಿನ ಬಟ್ಟೆಯಲ್ಲೇ ಹೋಗುತ್ತದೆ. ಬಾಲ್ ಪೆನ್ನಿನ ಇಂಕು ಎಣ್ಣೆಯಂತೆ ಜಿಡ್ಡು. ಅದಕ್ಕೆ ಎಷ್ಟು ನೀರು ಹಾಕಿದರೂ ವ್ಯರ್ಥ. ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ. ದಪ್ಪ ಮಾರ್ಕರ್ ಪೆನ್ನಿನ ಗೀಟೂ ಸಾಮಾನ್ಯವಾಗಿ ಸ್ಪಿರಿಟ್‌ಗೇ ಬಗ್ಗುವುದು.

ಸ್ಪಿರಿಟ್ ಅಂದರೆ ಯಾವುದು? ಸೂಜಿ ಚುಚ್ಚುವ ಮೊದಲು ನರ್ಸಮ್ಮ ಹತ್ತಿಯಲ್ಲಿ ತಣ್ಣಗೆ ಒರೆಸುತ್ತಾರಲ್ಲ, ಅಂಥದ್ದು. ಔಷಧಿ ಅಂಗಡಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಅಂತ ಕೇಳಿ. 2020ರಲ್ಲಿ ಕೊರೋನಾ ಬಂದಾಗ ಮನೆ ಮನೆಗೆ ಸ್ಯಾನಿಟೈಸರ್ ಬಂತು. ಅದರಲ್ಲಿ ಆಲ್ಕೋಹಾಲ್ ಇದ್ದರೆ ಅದೂ ಆಗುತ್ತದೆ.

ಈಗ ಕೆಲಸ ಶುರು ಮಾಡೋಣ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಕೈ ಒಣಗಿರಲಿ. ಒಲೆ ಆರಿರಲಿ, ದೇವರ ದೀಪವೂ ಹತ್ತಿರ ಬೇಡ. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆಗೆಯಿರಿ.

ಸ್ಪಿರಿಟನ್ನು ಮೆಷಿನ್ ಮೇಲೆ ಸುರಿಯಬೇಡಿ, ಹತ್ತಿಗೆ ಹಾಕಿ. ಮೊದಲು ಕಣ್ಣಿಗೆ ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ, ಹೊಳಪು ಮಂಕಾದರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗದಿದ್ದರೆ ಹತ್ತಿಯನ್ನು ಕಲೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಹತ್ತಿ ಇಂಕು ಕುಡಿಯುತ್ತದೆ. ಆಮೇಲೆ ಅಂಚಿನಿಂದ ನಡುವಿಗೆ ಒರೆಸಿ. ನಡುವಿನಿಂದ ಅಂಚಿಗೆ ಒರೆಸಿದರೆ ಸಣ್ಣ ಕಲೆ ರೊಟ್ಟಿಯಷ್ಟಾಗುತ್ತದೆ! ಹತ್ತಿ ನೀಲಿಯಾದ ಕೂಡಲೇ ಬೇರೆ ಹತ್ತಿ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ. ಕಲೆ ಹೋದ ಮೇಲೆ ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿ.

ಫ್ರಿಜ್ ಬಾಗಿಲು, ಮಿಕ್ಸಿ, ವಾಷಿಂಗ್ ಮೆಷಿನ್, ಟೈಲ್ಸು, ಸ್ಟೀಲಿನ ಬೀರು, ಇವಕ್ಕೆಲ್ಲ ಇದೇ ಕ್ರಮ. ಆದರೆ ಟಿವಿ ಪರದೆಗೆ ಸ್ಪಿರಿಟ್ ತಾಗಿಸಬೇಡಿ, ಅದರ ಮೇಲಿನ ಪದರ ಹಾಳಾಗಬಹುದು. ಫ್ರಿಜ್ ಒಳಗಿನ ಗಾಜಿನಂಥ ಪ್ಲಾಸ್ಟಿಕ್ ತಟ್ಟೆಗೂ ಬೇಡ, ಬಿರುಕು ಬಿಟ್ಟೀತು. ಅರಗಿನ ಪಾಲಿಶ್ ಮಾಡಿದ ಮರದ ಮೇಜಿಗಂತೂ ಬೇಡವೇ ಬೇಡ. ಅರಗೂ ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಲೆಯ ಜೊತೆ ಪಾಲಿಶೂ ಎದ್ದು ಬರುತ್ತದೆ.

ಟೂತ್‌ಪೇಸ್ಟ್ ಹಚ್ಚಿ ಅಂತ ಬಹಳ ಜನ ಹೇಳ್ತಾರೆ. ಪೇಸ್ಟಿನಲ್ಲಿ ನುಣ್ಣನೆ ಪುಡಿ ಇರುತ್ತದೆ. ಅದು ಕಲೆಯನ್ನೂ ಕೆರೆಯುತ್ತದೆ, ಹೊಳಪನ್ನೂ ಕೆರೆಯುತ್ತದೆ. ನನಗಂತೂ ಅದು ಹಿಡಿಸುವುದಿಲ್ಲ. ಬೂದಿ, ತೆಂಗಿನ ನಾರು ಪಾತ್ರೆಗೆ ಇರಲಿ. ಫ್ರಿಜ್ಜಿನ ಬಣ್ಣ ಕಿತ್ತು ತಗಡು ಕಂಡರೆ ತುಕ್ಕು ಹಿಡಿಯುತ್ತದೆ. ಪೆಟ್ರೋಲ್, ಥಿನ್ನರ್ ತರಲೇಬೇಡಿ. ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಒಂದು ಕಲೆಗಾಗಿ ಜೀವಕ್ಕೆ ಕುತ್ತು ತಂದುಕೊಳ್ಳಬೇಡಿ.

ತಿಂಗಳುಗಟ್ಟಲೆ ಹಳೆಯದಾದ ಕಲೆ ಪ್ಲಾಸ್ಟಿಕ್ಕಿನೊಳಗೆ ಇಳಿದಿರುತ್ತದೆ. ಮಂಕಾಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಇರಲಿ ಬಿಡಿ. ಕಲೆ ಇದ್ದರೂ ಫ್ರಿಜ್ಜಿನಲ್ಲಿ ಹಾಲು ಕೆಡುವುದಿಲ್ಲ.

ಇನ್ನು ಹೆಬ್ಬೆಟ್ಟಿನ ಇಂಕು. ಅದು ನಿಮಗೆ ಹೊಸದಲ್ಲ. ಎಷ್ಟು ವರ್ಷ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ, ಯಾರಿಗೂ ಕಾಣದಂತೆ ಸೆರಗಿಗೆ ಒರೆಸಿಕೊಂಡಿದ್ದೀರಿ! ಬೆರಳಿಗೆ ಸೋಪು ಸಾಕು. ಓಟು ಹಾಕುವಾಗ ಹಚ್ಚುವ ಇಂಕು ಮಾತ್ರ ಬೇರೆ. ಅದನ್ನು ನಮ್ಮ ಮೈಸೂರಿನಲ್ಲೇ ಮಾಡುತ್ತಾರೆ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಆ ಇಂಕು ಬಳಕೆಯಲ್ಲಿದೆ. ಅದರಲ್ಲಿ ಬೆಳ್ಳಿಯ ಒಂದು ಲವಣ ಇದೆ. ಅದು ಚರ್ಮದ ಜೊತೆ ಸೇರಿ ಕಪ್ಪಾಗುತ್ತದೆ. ಚರ್ಮ ಸವೆದು, ಉಗುರು ಬೆಳೆದ ಹಾಗೆ ತಾನಾಗಿ ಹೋಗುತ್ತದೆ. ಅದನ್ನು ಉಜ್ಜುತ್ತಾ ಕೂರಬೇಡಿ.

ಕಡೆಗೆ ಒಂದು ಮನೆಪಾಠ ಕೊಡ್ತೀನಿ. ಸ್ಪಿರಿಟ್ ನೋಡಲು ನೀರಿನಂತೆಯೇ ಇರುತ್ತದೆ. ಕುಡಿದರೆ ಜೀವಕ್ಕೇ ಅಪಾಯ. ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ತುಂಬಿಡಬೇಡಿ. ಅಂಗಡಿಯ ಬಾಟಲಿಯಲ್ಲೇ ಇರಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದರ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿರಲಿ, ನೀವೊಂದು ಚೀಟಿ ಬರೆದು ಅಂಟಿಸಿ. “ಸ್ಪಿರಿಟ್. ಕುಡಿಯಬಾರದು. ಬೆಂಕಿಯಿಂದ ದೂರ ಇಡಿ.” ದೊಡ್ಡ ಅಕ್ಷರದಲ್ಲಿ ಬರೆಯಿರಿ. ‘ಸ್ಪಿ’ ಒತ್ತಕ್ಷರ ಕಷ್ಟ ಅನ್ನುವವರು ಬೋರ್ಡಿನ ಹತ್ತಿರ ಬನ್ನಿ, ಈಗಲೇ ಬರೆದು ತೋರಿಸ್ತೀನಿ.