ಎಣ್ಣೆಯ ಕವಲುಗಳನ್ನು ಬಿಡಿಸುವ ಬೆಳ್ಳಿ



ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್ ಎಂಬ ಮೂರು ಕೊಬ್ಬಿನಾಮ್ಲಗಳನ್ನು ತೆಗೆದುಕೊಳ್ಳಿ. ಮೂರರಲ್ಲೂ ಇರುವುದು 18 ಇಂಗಾಲದ ಪರಮಾಣುಗಳೇ. ಸ್ಟಿಯರಿಕ್‌ನಲ್ಲಿ ದ್ವಿಬಂಧವಿಲ್ಲ, ಓಲಿಯಿಕ್‌ನಲ್ಲಿ ಒಂದಿದೆ, ಲಿನೋಲಿಯಿಕ್‌ನಲ್ಲಿ ಎರಡಿವೆ. ದ್ವಿಬಂಧವೊಂದಕ್ಕೆ ಎರಡು ಹೈಡ್ರೋಜನ್ ಕಡಿಮೆಯಾಗುತ್ತದೆ, ಅಷ್ಟೇ. ಆದರೂ ಸ್ಟಿಯರಿಕ್ ಕರಗಲು ಸುಮಾರು 69 ಡಿಗ್ರಿ ಶಾಖ ಬೇಕು. ಓಲಿಯಿಕ್ ನಮ್ಮ ಅಡುಗೆಮನೆಯ ಶಾಖಕ್ಕೇ ದ್ರವವಾಗಿರುತ್ತದೆ.

ಇವುಗಳ ಮೀಥೈಲ್ ಎಸ್ಟರ್‌ಗಳನ್ನು ಸಿಲಿಕಾ ಬಳಿದ ಗಾಜಿನ ತಟ್ಟೆಯ ಮೇಲೆ ಹರಿಯಬಿಟ್ಟರೆ ಮೂರೂ ಒಟ್ಟಿಗೇ ಸಾಗುತ್ತವೆ. ಸಿಲಿಕಾಗೆ ಆ ಎರಡು ಹೈಡ್ರೋಜನ್‌ಗಳ ಕೊರತೆ ಕಾಣುವುದೇ ಇಲ್ಲ. 1962ರಲ್ಲಿ ಮಾರಿಸ್, ಡೆ ಫ್ರೀಸ್ ಮೊದಲಾದ ವಿಜ್ಞಾನಿಗಳು ಸಿಲಿಕಾದೊಳಗೆ ಸಿಲ್ವರ್ ನೈಟ್ರೇಟ್ ಸೇರಿಸಿದರು. ಬೆಳ್ಳಿಯ ಅಯಾನು ದ್ವಿಬಂಧದ ಎಲೆಕ್ಟ್ರಾನುಗಳನ್ನು ಸಡಿಲವಾಗಿ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ದ್ವಿಬಂಧ ಹೆಚ್ಚಿದಷ್ಟೂ ಅಣು ಹೆಚ್ಚು ಹೊತ್ತು ತಡೆದು ನಿಲ್ಲುತ್ತದೆ. ಬಂಧಿಸಿ ಕೆಡಿಸದೆ, ಹಿಡಿದು ಬಿಡುವ ಈ ಗುಣವೇ ವಿಧಾನದ ಜೀವಾಳ ಎಂದು ನನ್ನ ಅಭಿಪ್ರಾಯ.

ತಟ್ಟೆ ತಯಾರಿಸುವಾಗ ಬೆಳಕು ಮಂದವಾಗಿರಬೇಕು. ಬೆಳಕಿಗೆ ಬೆಳ್ಳಿ ಕಪ್ಪಾಗುತ್ತದೆ, ಬೆರಳಿಗೆ ತಾಗಿದರೆ ಕಲೆ ದಿನಗಟ್ಟಲೆ ಹೋಗದು. ಹೆಕ್ಸೇನ್‌ಗೆ ಸ್ವಲ್ಪ ಈಥರ್ ಬೆರೆಸಿದ ದ್ರಾವಕ ಮೇಲೇರಿದ ಮೇಲೆ ತಟ್ಟೆ ಒಣಗಿಸಿ, ಡೈಕ್ಲೋರೋಫ್ಲೋರೆಸೀನ್ ಸಿಂಪಡಿಸಿ, ಅತಿನೇರಳೆ ದೀಪದಡಿ ಹಿಡಿದರೆ ಹಳದಿ ಪಟ್ಟಿಗಳು ಎದ್ದು ಕಾಣುತ್ತವೆ: ಮೇಲ್ಭಾಗದಲ್ಲಿ ಸ್ಟಿಯರೇಟ್, ಕೆಳಗೆ ಓಲಿಯೇಟ್, ಇನ್ನೂ ಕೆಳಗೆ ಲಿನೋಲಿಯೇಟ್.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಪ್ರಯೋಗ ಅನ್ನಬಹುದಿತ್ತು. ವನಸ್ಪತಿಯ ವಿಚಾರಕ್ಕೆ ಬಂದಾಗ ಇದರ ಬೆಲೆ ತಿಳಿಯುತ್ತದೆ. ಎಣ್ಣೆಗೆ ಅರ್ಧಂಬರ್ಧ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಕೆಲವು ದ್ವಿಬಂಧಗಳು ಸಿಸ್ ರೂಪದಿಂದ ಟ್ರಾನ್ಸ್ ರೂಪಕ್ಕೆ ತಿರುಗುತ್ತವೆ. ಓಲಿಯಿಕ್ ಎಲೈಡಿಕ್ ಆಗುತ್ತದೆ. ಅಣುಸೂತ್ರ ಒಂದೇ, ಹೃದಯದ ಮೇಲಿನ ಪರಿಣಾಮ ಬೇರೆ. ಸಿಸ್ ಬಂಧವನ್ನು ಬೆಳ್ಳಿ ಬಿಗಿಯಾಗಿಯೂ ಟ್ರಾನ್ಸ್ ಬಂಧವನ್ನು ಸಡಿಲವಾಗಿಯೂ ಹಿಡಿಯುವುದರಿಂದ ಎಲೈಡೇಟ್ ಪಟ್ಟಿ ಸ್ಟಿಯರೇಟ್‌ಗೂ ಓಲಿಯೇಟ್‌ಗೂ ನಡುವೆ ಬಂದು ಕೂರುತ್ತದೆ. ಕೊಬ್ಬಿನಾಮ್ಲಗಳನ್ನು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಸಿಸ್, ಟ್ರಾನ್ಸ್‌ಗಳ ಕೆಲವು ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. ಮೊದಲು ಬೆಳ್ಳಿಯ ತಟ್ಟೆಯಲ್ಲಿ ಬಿಡಿಸಿಕೊಂಡರೆ ಆ ಗೊಂದಲ ತಪ್ಪುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು. ಇಷ್ಟು ಸಣ್ಣ ಪ್ರಮಾಣ ಅಳೆಯುವಾಗ ಒಂದು ಶಿಖರ ಇನ್ನೊಂದರ ಲೆಕ್ಕಕ್ಕೆ ಸೇರಿಹೋದರೆ ಮಿತಿಯೊಳಗಿನ ಎಣ್ಣೆಯೂ ಮಿತಿ ಮೀರಿದಂತೆ ಕಾಣಬಹುದು, ಮಿತಿ ಮೀರಿದ್ದೂ ದಾಟಿ ಹೋಗಬಹುದು.

ಗಾಜಿನ ತಟ್ಟೆ, ಸಿಲಿಕಾ, ಚೂರು ಸಿಲ್ವರ್ ನೈಟ್ರೇಟ್, ಎರಡು ದ್ರಾವಕ, ಸಿಂಪಡಿಸಲು ಡೈಕ್ಲೋರೋಫ್ಲೋರೆಸೀನ್, ಒಂದು ಅತಿನೇರಳೆ ದೀಪ: ನಮ್ಮ ಪದವಿ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ಮಾಡಿಸಲು ಇದಕ್ಕಿಂತ ಹೆಚ್ಚೇನೂ ಬೇಡ. ರಸಾಯನಶಾಸ್ತ್ರ ಕಲಿಸುವವರು ಇದನ್ನು ಮಾಡಿಸಲೇಬೇಕು.