ಬಂಧವಿಲ್ಲದೆ ಅಂಟುವ ಪರಮಾಣುಗಳು

1989ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದ ಡಾನ್ ಐಗ್ಲರ್ ಮತ್ತು ಎರ್ಹಾರ್ಡ್ ಶ್ವೈಟ್ಸರ್ 35 ಕ್ಸೆನಾನ್ ಪರಮಾಣುಗಳನ್ನು ನಿಕ್ಕಲ್ ಮೇಲೆ ಒಂದೊಂದಾಗಿ ಸರಿಸಿ ಕಂಪನಿಯ ಹೆಸರನ್ನು ಬರೆದರು. ಆ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಅಕ್ಷರಗಳಿಗಿಂತ ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ: ಸುಲಭಕ್ಕೆ ಯಾವುದರೊಂದಿಗೂ ಕೂಡದ ಜಡಾನಿಲ ಲೋಹದ ಮೇಲೆ ನಿಂತದ್ದಾದರೂ ಹೇಗೆ?

ಕ್ಸೆನಾನ್‌ನ ಹೊರಕವಚ ಭರ್ತಿಯಾಗಿದೆ. ಆದರೂ ಅದರ ಎಲೆಕ್ಟ್ರಾನ್ ಮೋಡ ಸದಾ ಅಲುಗುತ್ತಲೇ ಇರುತ್ತದೆ. ಆ ಅಲುಗಾಟಕ್ಕೆ ಲೋಹದ ಎಲೆಕ್ಟ್ರಾನುಗಳು ಮಿಡಿದಾಗ ಸಣ್ಣದೊಂದು ಸೆಳೆತ ಹುಟ್ಟುತ್ತದೆ. ಇಂಥ ಸೆಳೆತದ ಕ್ವಾಂಟಂ ಮೂಲವನ್ನು 1930ರಲ್ಲಿ ಫ್ರಿಟ್ಜ್ ಲಂಡನ್ ತೋರಿಸಿಕೊಟ್ಟರು. ತಾಮ್ರದ ಮೇಲೆ ಕ್ಸೆನಾನ್‌ಗೆ ಸಿಗುವ ಹಿಡಿತ ಸುಮಾರು 0.2 ಎಲೆಕ್ಟ್ರಾನ್ ವೋಲ್ಟ್. ಸಾಮಾನ್ಯ ರಾಸಾಯನಿಕ ಬಂಧ ಇದಕ್ಕಿಂತ ಹತ್ತಿಪ್ಪತ್ತು ಪಟ್ಟು ಬಲಶಾಲಿ. ಹಾಗಾಗಿ ಐಗ್ಲರ್ ತಮ್ಮ ಉಪಕರಣವನ್ನು 4 ಕೆಲ್ವಿನ್‌ಗೆ ತಣಿಸಬೇಕಾಯಿತು. ಸೂಜಿಮೊನೆ ಎಳೆದರೆ ಜಾರುವಷ್ಟು ಸಡಿಲ, ಬಿಟ್ಟರೆ ಅಲ್ಲೇ ಉಳಿಯುವಷ್ಟು ಬಿಗಿ: ಅವರಿಗೆ ಬೇಕಾದದ್ದು ಇದೇ.

ಇನ್ನು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಸಂತೆಯಲ್ಲಿ ಕಿತ್ತಳೆ ಪೇರಿಸುವವರು ಕೆಳಗಿನ ಹಣ್ಣುಗಳ ನಡುವಿನ ಗುಳಿಯಲ್ಲಿ ಮೇಲಿನ ಹಣ್ಣನ್ನು ಕೂರಿಸುತ್ತಾರಲ್ಲ, ಕ್ಸೆನಾನ್ ಕೂಡ ಹಾಗೆಯೇ ಕೂರುತ್ತದೆಂದು ಭೌತವಿಜ್ಞಾನಿಗಳು ಬಹುಕಾಲ ನಂಬಿದ್ದರು. ಎಲೆಕ್ಟ್ರಾನ್ ವಿವರ್ತನೆಯ ಅಳತೆಗಳು ಆ ನಂಬಿಕೆಯನ್ನು ತಲೆಕೆಳಗು ಮಾಡಿದವು. ತಾಮ್ರ, ಪ್ಲಾಟಿನಂಗಳ ನಯವಾದ ಮುಖಗಳ ಮೇಲೆ ಕ್ಸೆನಾನ್ ಗುಳಿಯನ್ನು ಬಿಟ್ಟು ಲೋಹದ ಪರಮಾಣುವಿನ ನೆತ್ತಿಯ ಮೇಲೆಯೇ ಕೂರುತ್ತದೆ. ಎಲೆಕ್ಟ್ರಾನ್ ಮೋಡಗಳು ಒಂದರೊಳಗೊಂದು ನುಗ್ಗಿದಾಗ ಏಳುವ ವಿಕರ್ಷಣೆ ಅಲ್ಲಿ ಕಡಿಮೆ ಎಂದು ಲೆಕ್ಕಾಚಾರಗಳು ಹೇಳುತ್ತವೆ. ಗಟ್ಟಿ ಗೋಲಿಗಳೆಂಬ ಹಳೆಯ ಕಲ್ಪನೆ ಇಲ್ಲಿ ಸಾಲದು.

ಪರಮಾಣುಗಳು ಹೆಚ್ಚಿದಂತೆ ಎರಡು ಒತ್ತಾಯಗಳು ಎದುರಾಗುತ್ತವೆ. ಕ್ಸೆನಾನ್‌ಗಳು ತಮ್ಮತಮ್ಮಲ್ಲಿ ಸುಮಾರು 4.4 ಆಂಗ್‌ಸ್ಟ್ರಾಂ ಅಂತರ ಬಯಸುತ್ತವೆ; ಲೋಹವಾದರೋ ತನ್ನ ಜಾಲರಿಗೆ ಹೊಂದಿಕೊಳ್ಳಿ ಎನ್ನುತ್ತದೆ. ತಾಮ್ರದಲ್ಲಿ ಹೊಂದುವ ಅಂತರ 4.42, ಹೆಚ್ಚುಕಡಿಮೆ ಅದೇ, ಜಗಳವೇ ಇಲ್ಲ. ಪ್ಲಾಟಿನಂನಲ್ಲಿ ಅದು 4.8. ಅಲ್ಲಿ ಕ್ಸೆನಾನ್ ಪದರ ತುಸು ಹಿಗ್ಗಿ ಕೂರಬೇಕು. ಸುಮಾರು 60 ಕೆಲ್ವಿನ್‌ಗಿಂತ ಕೆಳಗೆ ತಣಿಸಿದರೆ ಪದರ ಜಾಲರಿಯ ಹಂಗು ತೊರೆದು ಒತ್ತಾಗುತ್ತದೆ. ಜರ್ಮನಿಯ ಯೂಲಿಷ್‌ನಲ್ಲಿ ಜಾರ್ಜ್ ಕೊಮ್ಸಾ ಅವರ ತಂಡ ಹೀಲಿಯಂ ಪರಮಾಣುಗಳನ್ನು ಚಿಮ್ಮಿಸಿ ಈ ಬದಲಾವಣೆಯನ್ನು ಹಂತಹಂತವಾಗಿ ಹಿಂಬಾಲಿಸಿತು.

ಎರಡನೆಯ ಪದರಕ್ಕೆ ಲೋಹ ದೂರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನಿರ್ವಾತದಲ್ಲಿ ನಿಧಾನವಾಗಿ ಬಿಸಿಮಾಡಿದರೆ ಮೇಲಿನ ಪದರಗಳು ಮೊದಲು ಹಾರಿಹೋಗುತ್ತವೆ, ಲೋಹವನ್ನು ಮುಟ್ಟಿದ ಪದರ ಕೊನೆಗೆ. ಪದರದ ಮೇಲೆ ಪದರ ಕೂರುವ ಈ ಕ್ರಮವನ್ನೇ ಬ್ರುನೌವರ್, ಎಮ್ಮೆಟ್ ಮತ್ತು ಟೆಲ್ಲರ್ 1938ರಲ್ಲಿ ಸಮೀಕರಣವಾಗಿಸಿದರು. ತೀರಾ ಕಡಿಮೆ ಮೇಲ್ಮೈ ಇರುವ ಪುಡಿಯನ್ನು ಅಳೆಯಬೇಕಾದಾಗ ಇಂದಿಗೂ ಅದನ್ನು ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿಟ್ಟು ಕ್ರಿಪ್ಟಾನ್ ಹಾಯಿಸುತ್ತಾರೆ. ಎಷ್ಟು ಪರಮಾಣು ಅಂಟಿದವೆಂದು ತಿಳಿದರೆ ಆ ಸಮೀಕರಣದಿಂದ ಪುಡಿಯ ಒಟ್ಟು ಮೇಲ್ಮೈ ಎಷ್ಟೆಂಬುದು ಲೆಕ್ಕಕ್ಕೆ ಸಿಗುತ್ತದೆ.